ಕುಕ್ರಿ ಮೊದಲು ನನ್ನ ಕೈಯಲ್ಲಿತ್ತು

1971ರಲ್ಲಿ, ಎಂಟನೇ ತರಗತಿಗೆ ಸೇರಿ ಎರಡು ತಿಂಗಳಾಗುವಷ್ಟರಲ್ಲಿ, ನಾನು ಓದು ನಿಲ್ಲಿಸಿದೆ. 1989ರ ವಿಜಯದಶಮಿಯ ಬೆಳಿಗ್ಗೆ ನನ್ನ ಷೆಡ್ಡಿನೊಳಗೆ ಕಂಟ್ರಾಕ್ಟರ್ ಗೋವಿಂದಪ್ಪನ ಬೆನ್ನಿಗೆ ಕುಕ್ರಿ ಬೀಸಿದವನೂ ನಾನೇ. ನಮ್ಮ ರಸ್ತೆಯವರೆಲ್ಲ ಸೇರಿ ಹಿಡಿದು ಬಡಿದ ಆ ನೇಪಾಳದವನಲ್ಲ. ಹರ್ಕ ಬಹದ್ದೂರ್ ಅಲ್ಲ. ನಾನು — ಮುನಿರಾಜು, ಗ್ರಿಲ್ ಕೆಲಸದವನು.

ಇಷ್ಟನ್ನು ಬರೆಯುವುದಕ್ಕೆ ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಬರೆದು ನೋಡಿದರೆ ನಾಲ್ಕೈದು ಸಾಲೂ ಇಲ್ಲ.

ನಮ್ಮ ಲೇಔಟಿನ ನಿವಾಸಿಗಳ ಸಂಘದಿಂದ ಸ್ಮರಣ ಸಂಚಿಕೆ ತರುತ್ತಿದ್ದೀರಿ. "ಹಳಬರು ಅಂದ್ರೆ ನೀವೇ ಮುನಿರಾಜಣ್ಣ. ಆ ಗೂರ್ಖಾನ ಹಿಡಿದ ಕಥೆ ಬರ್ಕೊಡಿ, ಈಗಿನ ಹುಡುಗ್ರಿಗೂ ಗೊತ್ತಾಗ್ಲಿ" ಎಂದು ಕೇಳಿದಿರಿ. ಅದೇ ಸಭೆಯಲ್ಲಿ ಹೊಸ ಅಪಾರ್ಟ್‌ಮೆಂಟಿನ ಗೇಟಿಗೆ ಕೆಲಸಕ್ಕೆ ಬಂದಿರುವ ನೇಪಾಳದ ಗಂಡಹೆಂಡತಿಯನ್ನು ತೆಗೆಸಬೇಕು ಅನ್ನುವ ಮಾತೂ ಬಂತು. ಯಾರೋ ನನ್ನ ಕಡೆ ಕೈ ತೋರಿಸಿದರು. "ಇವ್ರನ್ನೇ ಕೇಳಿ ಸಾರ್, ಇವ್ರು ಕಣ್ಣಾರೆ ಕಂಡೋರು." ನಾನು ತಲೆಯಾಡಿಸಿದೆ. ಅಷ್ಟು ವರ್ಷದಿಂದ ಆಡಿಸಿ ಅಭ್ಯಾಸವಾದ ತಲೆ, ತಾನಾಗಿಯೇ ಆಡಿತು. ಮನೆಗೆ ಬಂದವನು ಊಟಕ್ಕೆ ಕೂರದೆ ಇದನ್ನು ಬರೆಯಲು ಕೂತೆ.

ಕಣ್ಣಾರೆ ಕಂಡದ್ದನ್ನು ಬರೆದುಕೊಡಿ ಎಂದಿರಿ. ಬರೆದುಕೊಡುತ್ತಿದ್ದೇನೆ. ಅಚ್ಚು ಹಾಕಿಸುವುದು, ಬಿಡುವುದು ನಿಮಗೆ ಸೇರಿದ್ದು.

ನಾನು ಸಾರಕ್ಕಿಯವನು. ಈಗ ಜೆ.ಪಿ. ನಗರದ ಮನೆಗಳಿರುವ ಕಡೆ ನಮ್ಮಪ್ಪ ರಾಗಿ ಬೆಳೆಯುತ್ತಿದ್ದ. ಜಮೀನು ಲೇಔಟಿಗೆ ಹೋಯಿತು. ಅಪ್ಪ ಅದೇ ಜಮೀನಿನ ಮೇಲೆ ಎದ್ದ ಮನೆಗಳಿಗೆ ಇಟ್ಟಿಗೆ ಹೊರುವುದಕ್ಕೆ ಹೋದ, ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ. ಅಲ್ಲಿಗೆ ನನ್ನ ಸ್ಕೂಲು ಮುಗಿಯಿತು. ಫೇಲಾಗಿ ಬಿಟ್ಟವನಲ್ಲ ನಾನು. ಜನ ಇದನ್ನು ಯಾವಾಗಲೂ ತಪ್ಪು ತಿಳಿಯುತ್ತಾರೆ, ಅದಕ್ಕೇ ಹೇಳಿದೆ. ತಿಲಕ್ ನಗರದ ಒಬ್ಬ ಸಾಬರ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣ ಹೊತ್ತೆ, ತುಕ್ಕು ಉಜ್ಜಿದೆ, ಕಣ್ಣು ಊದಿಸಿಕೊಂಡು ಕೆಲಸ ಕಲಿತೆ. 1982ರಲ್ಲಿ ಕುಮಾರಸ್ವಾಮಿ ಲೇಔಟಿನಲ್ಲಿ ಸ್ವಂತ ತಗಡಿನ ಷೆಡ್ ಹಾಕಿದೆ. ಆಗ ಇಲ್ಲಿ ಮನೆಗಳಿಗಿಂತ ಹುತ್ತಗಳೇ ಜಾಸ್ತಿ. ಇವತ್ತು ಬನಶಂಕರಿಯಿಂದ ಜಯನಗರದವರೆಗೆ ಬಸ್ಸಿನಲ್ಲಿ ಹೋದರೆ ಎರಡೂ ಕಡೆ ನನ್ನ ಕಿಟಕಿಗಳನ್ನು ನಾನು ಗುರುತು ಹಿಡಿಯುತ್ತೇನೆ. ಯಾರ ಹಂಗಿನಲ್ಲೂ ಬೆಳೆದವನಲ್ಲ. ಈ ಹೆಮ್ಮೆ ನನಗಿದೆ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅದೇ ಹೆಮ್ಮೆ ಅವತ್ತು — ಇರಲಿ, ಅದು ಮುಂದೆ ಬರುತ್ತದೆ.

ಷೆಡ್ ಹಾಕಿದ ವರ್ಷವೇ ಹರ್ಕ ನಮ್ಮ ರಸ್ತೆಗೆ ಬಂದ. ರಾತ್ರಿ ಸೀಟಿ ಊದಿಕೊಂಡು, ಕೋಲು ಕುಟ್ಟಿಕೊಂಡು ಕಾವಲು ತಿರುಗುವ ಕೆಲಸ. ಮಧ್ಯಾಹ್ನದವರೆಗೆ ಮಲಗಿ ಎದ್ದು ನನ್ನ ಷೆಡ್ಡಿಗೆ ಬಂದು ನಿಲ್ಲುತ್ತಿದ್ದ.

"ಹೆಸ್ರೇನಪ್ಪ?" ಎಂದು ಕೇಳಿದೆ ಒಂದು ದಿನ.

"ಗೂರ್ಖಾ, ಸಾಬ್."

"ಅದು ನಿಮ್ಮೋರಿಗೆಲ್ಲ ಇರೋ ಹೆಸ್ರು. ನಿಂದೇನು?"

ಅವನು ನಕ್ಕ. ಈ ಊರಿನಲ್ಲಿ ಅದನ್ನು ಯಾರೂ ಕೇಳಿರಲಿಲ್ಲವೇನೋ. "ಹರ್ಕ" ಎಂದ.

ಆಮೇಲೆ ಮಧ್ಯಾಹ್ನದ ಹೊತ್ತು ಗ್ರಿಲ್ಲುಗಳಿಗೆ ರೆಡ್ ಆಕ್ಸೈಡ್ ಬಳಿಯುವ ಕೆಲಸ ಅವನದಾಯಿತು. ಒಂದೆರಡು ವರ್ಷದಲ್ಲಿ ಕನ್ನಡ ಕಲಿತ. ನನ್ನನ್ನು ಮುನಿಯಣ್ಣ ಅನ್ನುತ್ತಿದ್ದ. ಅವನ ಅಪ್ಪ ನಮ್ಮ ಸೈನ್ಯದಲ್ಲಿದ್ದವನು — ಇದನ್ನು ಗಮನವಿಟ್ಟು ಓದಿ — ನೇಪಾಳದಲ್ಲಿ ಹುಟ್ಟಿ, ನಮ್ಮ ಬಾವುಟದ ಕೆಳಗೆ ಎಪ್ಪತ್ತೊಂದರ ಯುದ್ಧದಲ್ಲಿ ಕಾಲಿಗೆ ಗುಂಡು ತಿಂದವನು. ನಾನು ಓದು ಬಿಟ್ಟ ವರ್ಷವೇ ಅವನ ಅಪ್ಪ ಕುಂಟನಾದದ್ದು. "ನಮ್ಮಪ್ಪ ನಿಮ್ಮ ದೇಶಕ್ಕೆ ಕುಂಟ್ತಾನೆ" ಎಂದು ತಮಾಷೆ ಮಾಡುತ್ತಿದ್ದ. ಎರಡು ದೇಶದ ಸ್ನೇಹ ಅಂದರೆ ನನಗೆ ಆಗ ಅಷ್ಟೇ ಅರ್ಥ. ಪಾಸ್‌ಪೋರ್ಟ್ ಇಲ್ಲದೆ ಬಂದವನು, ನಮ್ಮ ಬೀದಿ ಕಾಯುವವನು, ಅಪ್ಪನ ಕಾಲನ್ನು ನಮಗೆ ಕೊಟ್ಟವನು.

ಅವನ ಸೊಂಟದಲ್ಲಿ ಕುಕ್ರಿ ಇರುತ್ತಿತ್ತು, ಅವರ ಕಡೆಯ ಬಾಗಿದ ಕತ್ತಿ. ಅದನ್ನು ಒರೆಯಿಂದ ತೆಗೆದರೆ ರಕ್ತ ಕುಡಿಸದೆ ವಾಪಸ್ ಇಡುವ ಹಾಗಿಲ್ಲ ಎಂದು ನಮ್ಮ ರಸ್ತೆಯಲ್ಲಿ ಎಲ್ಲರೂ ನಂಬಿದ್ದರು. ನಾನೂ ಕೇಳಿದ್ದೆ.

"ದಿನಾ ಇದ್ರಲ್ಲೇ ಮೂಲಂಗಿ ಹೆಚ್ತೀನಲ್ಲ ಮುನಿಯಣ್ಣ," ಎಂದ. "ಮೂಲಂಗಿಗೆ ಎಲ್ಲಿಂದ ತರ್ಲಿ ರಕ್ತ?"

ಮೊದಲ ವರ್ಷದ ಆಯುಧ ಪೂಜೆಗೆ ನಾನು ಸುತ್ತಿಗೆ, ಚಾಣ, ವೆಲ್ಡಿಂಗ್ ಹೋಲ್ಡರು ಎಲ್ಲ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಹೂವಿಟ್ಟು ಸಾಲಾಗಿ ಜೋಡಿಸುವಾಗ ಅವನು ಬಾಗಿಲಲ್ಲಿ ನಿಂತಿದ್ದ. "ನಮ್ಮಲ್ಲೂ ಇವತ್ತೇ," ಎಂದ. ಅವರ ಊರಿನಲ್ಲೂ ನವಮಿಯ ದಿನ ಆಯುಧಕ್ಕೆ ಪೂಜೆ. ಇಲ್ಲಿ ಅವನಿಗೆ ಮನೆಯಿಲ್ಲ, ಮೆಟ್ಟಿಲ ಕೆಳಗಿನ ಗೂಡು ಅಷ್ಟೆ. "ಇಡು, ಇಡು. ದೇವ್ರೇನು ಪಾಸ್‌ಪೋರ್ಟ್ ಕೇಳ್ತಾನಾ?" ಎಂದೆ. ಅವನ ಕುಕ್ರಿ ನನ್ನ ಸುತ್ತಿಗೆಯ ಪಕ್ಕ ಬಂತು. ಪೂಜೆಗಿಟ್ಟ ಆಯುಧವನ್ನು ದಶಮಿಯ ಬೆಳಿಗ್ಗೆ ಮಂಗಳಾರತಿ ಆಗುವವರೆಗೆ ಮುಟ್ಟಬಾರದು. ನನಗೆ ಕೆಲಸ ಕಲಿಸಿದ ಸಾಬರೂ ಈ ಪದ್ಧತಿ ಮೀರುತ್ತಿರಲಿಲ್ಲ. ಹಾಗಾಗಿ ಆ ಒಂದು ರಾತ್ರಿ ಹರ್ಕ ಬರೀ ಕೋಲು ಹಿಡಿದು ಕಾವಲು ತಿರುಗುತ್ತಿದ್ದ. ಬೆಳಿಗ್ಗೆ ಸ್ನಾನ ಮಾಡಿ ಒಂದು ಬಟ್ಟಲಲ್ಲಿ ಅಕ್ಕಿ, ಮೊಸರು, ಕುಂಕುಮ ಕಲಸಿ ತರುತ್ತಿದ್ದ. ದಶಮಿಯ ದಿನ ಹಿರಿಯರು ಅದನ್ನು ಕಿರಿಯರ ಹಣೆಗೆ ಹಚ್ಚಿ ಹರಸಬೇಕು, ಅವರ ಕಡೆಯ ಶಾಸ್ತ್ರ. ಇಲ್ಲಿ ಅವನಿಗೆ ಹಿರಿಯ ಅಂದರೆ ನಾನು. ಪ್ರತಿ ವರ್ಷ ಅವನ ಹಣೆಗೆ ಆ ಟೀಕಾ ಹಚ್ಚಿದವನು ನಾನು.

ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಎಲ್ಲ ಕೆಟ್ಟಿತು. ದೊಡ್ಡವರ ನಡುವೆ ಏನಾಯಿತೋ ನನಗೆ ಪೂರ್ತಿ ಗೊತ್ತಿಲ್ಲ. ಪೇಪರಿನಲ್ಲಿ ಬಂದದ್ದು ಇಷ್ಟು: ನೇಪಾಳದವರು ಚೀನಾದಿಂದ ಶಸ್ತ್ರ ತರಿಸಿಕೊಂಡರು, ನಮ್ಮವರಿಗೆ ಸಿಟ್ಟು ಬಂತು, ವ್ಯಾಪಾರದ ಒಪ್ಪಂದ ಮುಗಿದದ್ದು ಮತ್ತೆ ಆಗಲಿಲ್ಲ, ಗಡಿಯ ದಾರಿಗಳನ್ನು ಒಂದೆರಡು ಬಿಟ್ಟು ಮುಚ್ಚಿದರು. ಸೀಮೆಎಣ್ಣೆ ಹೋಗುವುದು ನಿಂತಿತು.

ರಸ್ತೆ ತುದಿಯ ಟೀ ಅಂಗಡಿಯಲ್ಲಿ ನರಸಿಂಹಮೂರ್ತಿಗಳು ಪೇಪರ್ ಗಟ್ಟಿಯಾಗಿ ಓದುತ್ತಿದ್ದರು. ರಿಟೈರ್ಡ್ ಹೆಡ್ ಕ್ಲರ್ಕ್, ತ್ಯಾಗರಾಜನಗರದಿಂದ ಬಂದು ಇಲ್ಲಿ ಮನೆ ಕಟ್ಟಿಸಿದವರು, ಎಲ್ಲರೂ ಗೌರವ ಕೊಡುತ್ತಿದ್ದ ಮನುಷ್ಯ.

"ನೋಡ್ರಪ್ಪ, ನಮ್ಮ ಅಕ್ಕಿ ತಿಂದು ಚೀನಾದೋರಿಗೆ ನಮಸ್ಕಾರ! ಏನಯ್ಯಾ ಗೂರ್ಖಾ, ನಿಮ್ಮ ರಾಜ ಮಾಡಿದ್ದು ಸರೀನಾ?"

"ರಾಜನ್ನ ಕೇಳಿ ಸಾರ್," ಎಂದ ಹರ್ಕ ಟೀ ಊದಿಕೊಳ್ಳುತ್ತಾ. "ನಂಗೆ ಅವ್ರ ಮನೆ ಅಡ್ರೆಸ್ ಗೊತ್ತಿಲ್ಲ."

ಅವತ್ತು ಮೂರ್ತಿಗಳೂ ನಕ್ಕರು. ನಾವೆಲ್ಲ ನಕ್ಕೆವು. ಆದರೆ ದಿನ ಹೋದ ಹಾಗೆ ಅದೇ ಪ್ರಶ್ನೆಯನ್ನು ನಗದೆ ಕೇಳತೊಡಗಿದರು. ಅವನಿಗೆ ಟೀ ಕೊಡುವ ಲೋಟ ಬೇರೆಯಾಯಿತು. "ನಿಮ್ಮೋರು", "ನಮ್ಮೋರು" ಶುರುವಾಯಿತು. ನಾನು ಇದರಲ್ಲಿ ಇರಲಿಲ್ಲ ಎಂದು ಬರೆಯಲು ಕೈ ಹೋಗುತ್ತಿದೆ — ಇದ್ದೆ. ಓದಿದವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ದೇಶದ ವಿಷಯ ಮಾತಾಡುತ್ತಿದ್ದರು, ಅದೇ ನನಗೆ ದೊಡ್ಡದಾಗಿ ಕಂಡಿತು.

ಊರಿನಿಂದ ಬಂದ ಯಾರೋ ಹರ್ಕನಿಗೆ ಸುದ್ದಿ ತಂದಿದ್ದರು. ಅವನ ಅಮ್ಮ ಒಲೆಗೆ ಸೌದೆ ತರಲು ಗುಡ್ಡ ಹತ್ತಿ ಬಿದ್ದಿದ್ದಳು. ಅವನು ಗ್ರಿಲ್ಲಿಗೆ ಬಣ್ಣ ಬಳಿಯುತ್ತಲೇ ಅದನ್ನು ಹೇಳಿದ.

ನಾನು ಹೇಳಿದೆ, "ನಿಮ್ಮೋರಿಗೆ ಬುದ್ಧಿ ಬರ್ಲಿ ಅಂತಾನೇ ನಿಲ್ಸಿರೋದು."

ಬ್ರಷ್ ನಿಂತಿತು. "ನಮ್ಮಮ್ಮ ಯಾವ ಬಂದೂಕು ತಗೊಂಡ್ಲು, ಮುನಿಯಣ್ಣ?"

ನಾನು ವೆಲ್ಡಿಂಗ್ ಗ್ಲಾಸ್ ಮುಖಕ್ಕೆ ಹಿಡಿದು ಕಿಡಿ ಹಾರಿಸಲು ಶುರುಮಾಡಿದೆ. ಬೆಸೆಯುವುದಕ್ಕೆ ಏನೂ ಇರಲಿಲ್ಲ, ಸುಮ್ಮನೆ ಒಂದು ತುಂಡು ಕಬ್ಬಿಣ ಸುಟ್ಟೆ.

ಆ ವರ್ಷದ ಆಯುಧ ಪೂಜೆಗೆ ಅವನು ಕೇಳುವುದಕ್ಕೆ ಹಿಂಜರಿದ. ನಾನೇ "ತತ್ತಾ" ಎಂದು ಕುಕ್ರಿ ಇಸಿದುಕೊಂಡು ಇಟ್ಟೆ. ದೊಡ್ಡಸ್ತಿಕೆ ತೋರಿಸಿದೆ.

ಮಾರನೇ ಬೆಳಿಗ್ಗೆ. ಎದುರು ಸಾಲಿನಲ್ಲಿ ಹೊಸ ಮನೆಯೊಂದರ ಗೃಹಪ್ರವೇಶ, ಓಲಗ ಊದುತ್ತಿತ್ತು. ಆ ಮನೆ ಕಟ್ಟಿದವನು ಗೋವಿಂದಪ್ಪ. ನನಗೆ ಅರ್ಧದಷ್ಟು ಕೆಲಸ ಅವನಿಂದಲೇ ಬರುತ್ತಿತ್ತು. ಗೇಟಿನ ಹಿಂಜ್ ಕಿತ್ತುಬಂದು ಗೇಟು ವಾಲಿಕೊಂಡಿದೆ ಎಂದು ಓಡಿಬಂದ. ರೇಷ್ಮೆ ಪಂಚೆ, ಕಾಲಲ್ಲಿ ಚಪ್ಪಲಿ.

"ಬಾ ಬಾ, ಬೇಗ. ಎರಡು ಟಾಕಿ ವೆಲ್ಡಿಂಗ್ ಹಾಕಿ ಬಿಡು. ಊಟದ ಹೊತ್ತಿಗೆ ದೊಡ್ಡೋರು ಬರ್ತಾರೆ."

"ಮಂಗಳಾರತಿ ಆಗಿಲ್ಲ ಗೋವಿಂದಪ್ಪ. ನಮ್ಮ ಮನೆಯೋಳು ತಟ್ಟೆ ತರ್ತಾಳೆ, ಆದ ತಕ್ಷಣ ಬರ್ತೀನಿ."

"ಅಲ್ಲಿ ನನ್ನ ಮರ್ಯಾದೆ ಹೋಗ್ತಾ ಇದೆ, ಇಲ್ಲಿ ಇವ್ನು ಸುತ್ತಿಗೆಗೆ ಮಂಗಳಾರತಿ!"

"ನನ್ನ ಷೆಡ್ಡು, ನನ್ನ ಪದ್ಧತಿ. ಮುಟ್ಬೇಡ."

ಅವನು ನಕ್ಕ. ಆ ನಗು ನೆನಪಿದೆ. "ಏಳು ಕ್ಲಾಸ್ ಓದ್ದೋನಿಗೆ ಪದ್ಧತಿ ಬೇರೆ. ನಿಮ್ಮಪ್ಪ ನಮ್ಮ ಸೈಟಲ್ಲಿ ಇಟ್ಟಿಗೆ ಹೊರುವಾಗ ಯಾವ ಪದ್ಧತಿ ಇತ್ತೋ?" ಎಂದು, ಚಪ್ಪಲಿ ಕಾಲಲ್ಲೇ ಪೂಜೆಯ ಮುಂದೆ ಬಂದು, ಬಗ್ಗಿ, ಹೂವಿನ ಅಡಿಯಿಂದ ಸುತ್ತಿಗೆ ಎಳೆದ. ದೀಪ ಉರುಳಿತು.

ಅವನ ಬೆನ್ನು ನನ್ನ ಮುಂದೆ ಇತ್ತು. ಅಗಲವಾದ ಬೆನ್ನು, ಬಿಳಿ ಜುಬ್ಬ. ನನ್ನ ಕೈಗೆ ಸಿಕ್ಕಿದ್ದು ಕುಕ್ರಿ — ಇಲ್ಲ, ಸಿಕ್ಕಿದ್ದಲ್ಲ. ಚಾಣ ಹತ್ತಿರವಿತ್ತು, ಕಬ್ಬಿಣದ ಸರಳಿತ್ತು. ಅವನ್ನು ದಾಟಿ ನಾನು ಕುಕ್ರಿಗೆ ಕೈ ಚಾಚಿದೆ. ಎತ್ತಿ ಬೀಸಿದೆ. ಬಲ ಭುಜದಿಂದ ಬೆನ್ನಿನ ನಡುವಿನವರೆಗೆ ಬಟ್ಟೆ ಬಾಯಿ ಬಿಟ್ಟಿತು, ಅದರ ಹಿಂದೆಯೇ ಮಾಂಸ. ಕಬ್ಬಿಣಕ್ಕೆ ಏಟು ಹಾಕಿದರೆ ಕೈಗೆ ವಾಪಸ್ ಅದುರುತ್ತದೆ. ಇದು ಅದುರಲಿಲ್ಲ, ಒಳಗೆ ಹೋಯಿತು. ಅವನು ಹೂವಿನ ಮೇಲೆ ಮುಖ ಕೆಳಗಾಗಿ ಬಿದ್ದ. ನಾನು ಮತ್ತೆ ಕೈ ಎತ್ತಿದೆ. ಇದನ್ನು ಯಾರಿಗೂ ಹೇಳಿಲ್ಲ: ಎರಡನೆಯ ಏಟು ಅವನ ಕುತ್ತಿಗೆಗೆ ಎಂದು ನಾನು ಜಾಗ ನೋಡಿಕೊಂಡಿದ್ದೆ.

ಬಾಗಿಲಲ್ಲಿ ಬಟ್ಟಲು ಬಿದ್ದ ಸದ್ದಾಯಿತು. ಹರ್ಕ ಎರಡೂ ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದ. "ಬೇಡ ಮುನಿಯಣ್ಣ. ಬೇಡ, ಬೇಡ." ಓಲಗದ ಸದ್ದಿನಲ್ಲಿ ಅದು ಕೆಳಗೆ ಬಿದ್ದಿದ್ದ ಗೋವಿಂದಪ್ಪನ ಕಿವಿಗೆ ಮುಟ್ಟಲಿಲ್ಲ. ಹರ್ಕ ಚಿಕ್ಕ ಆಳು, ಆದರೆ ಗಟ್ಟಿ ಕೈ. ತಿರುಚಿದ. ಅಲಗು ನನ್ನ ಅಂಗೈ ಕೊಯ್ದುಕೊಂಡು ಅವನ ಕೈಗೆ ಹೋಯಿತು. ಗೋವಿಂದಪ್ಪ ಮಗ್ಗುಲಾಗಿ ತಲೆ ತಿರುಗಿಸಿದ್ದು ಆಗ. ಅವನು ಕಂಡದ್ದು ಏನು? ತನ್ನ ಮೇಲೆ ನಿಂತ ಗೂರ್ಖಾ, ಗೂರ್ಖಾನ ಕೈಯಲ್ಲಿ ರಕ್ತ ತೊಟ್ಟಿಕ್ಕುವ ಕುಕ್ರಿ.

"ಅಯ್ಯೋ ಬನ್ರೋ! ಗೂರ್ಖಾ ಕೊಚ್ತಾವ್ನೆ!"

ಗೃಹಪ್ರವೇಶದ ಮನೆಯಿಂದ ಜನ ಹಾಗೇ ಓಡಿಬಂದರು. ಹಬ್ಬದ ಬೆಳಿಗ್ಗೆ, ಗಂಡಸರೆಲ್ಲ ಮನೆಯಲ್ಲೇ ಇದ್ದ ಹೊತ್ತು. ಷೆಡ್ಡಿನ ಬಾಗಿಲು ತುಂಬಿಹೋಯಿತು.

"ಏನಾಯ್ತು ಮುನಿರಾಜಣ್ಣ? ಇವ್ನಾ?"

ಹರ್ಕ ನನ್ನ ಕಡೆ ನೋಡಿದ. ಹೆದರಿ ನೋಡಲಿಲ್ಲ. ಕುಕ್ರಿಯನ್ನು ನೆಲಕ್ಕೆ ಹಾಕಿ, ನಾನು ಹೇಳುವುದನ್ನು ಕಾಯುತ್ತಾ ನಿಂತ. ನಾನು ಹೇಳುತ್ತೇನೆ ಎನ್ನುವುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಅಷ್ಟು ಹೊತ್ತು ಸಾಕಾಗಿತ್ತು ನನಗೆ, ನಿಜ ಹೇಳುವುದಕ್ಕೆ. ನನ್ನ ಷೆಡ್ಡು ಕಂಡಿತು, ಅದರ ಮೇಲಿನ ನನ್ನ ಹೆಸರಿನ ಬೋರ್ಡ್ ಕಂಡಿತು, ಜೈಲು ಕಂಡಿತು. ನಾನು ಹೇಳಿದೆ —

"ಇವ್ನೇ. ಅವ್ರ ದೇಶಕ್ಕೆ ಸೀಮೆಣ್ಣೆ ನಿಲ್ಸಿದ್ದಕ್ಕೆ ಇಷ್ಟು ದಿನದಿಂದ ಹಲ್ಲು ಕಡೀತಾ ಇದ್ದ. ಇವತ್ತು ನಮ್ಮೋರ ಮೇಲೆ ತೀರಿಸ್ಕೊಂಡ."

ಬರೀ "ಇವ್ನೇ" ಎಂದಿದ್ದರೆ ನೀವು — ಅವತ್ತು ಅಲ್ಲಿದ್ದವರು ನಿಮ್ಮಲ್ಲೂ ಇದ್ದೀರಿ — ಪೊಲೀಸರಿಗೆ ಕೊಡುತ್ತಿದ್ದಿರೇನೋ. ಎರಡನೆಯ ಮಾತನ್ನು ನಾನು ಸೇರಿಸಿದೆ. ಅದು ಆ ಗಳಿಗೆಯಲ್ಲಿ ಹುಟ್ಟಿದ ಮಾತಲ್ಲ, ಬೇಸಿಗೆಯಿಂದ ಟೀ ಅಂಗಡಿಯಲ್ಲಿ ನಾವೆಲ್ಲ ಸೇರಿ ಬೇಯಿಸಿ ಇಟ್ಟಿದ್ದ ಮಾತು. ನಾನು ಮುಚ್ಚಳ ತೆಗೆದೆ.

ಮೊದಲ ಏಟು ಯಾರದೋ ನೋಡಲಿಲ್ಲ. ಅವನನ್ನು ಕಾಲು ಹಿಡಿದು ರಸ್ತೆಗೆ ಎಳೆದರು. ಚಪ್ಪರದ ಗಳ ಕಿತ್ತು ಬಡಿದರು. ಊಟಕ್ಕೆ ತಂದಿದ್ದ ಮಡಚುವ ಕಬ್ಬಿಣದ ಕುರ್ಚಿ ಎತ್ತಿ ಬೆನ್ನಿಗೆ ಹಾಕಿದರು. ಇಟ್ಟಿಗೆಯಿಂದ ಬಾಯಿಗೆ ಹೊಡೆದರು, ಹಲ್ಲು ಮುರಿದ ಸದ್ದು ಓಲಗದ ಮಧ್ಯೆ ನನಗೆ ಕೇಳಿಸಿತು. ಓಲಗದವರಿಗೆ ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ನರಸಿಂಹಮೂರ್ತಿಗಳು ಊರುಗೋಲಿನಿಂದ ಅವನ ಬೆರಳಿಗೆ ಹೊಡೆಯುತ್ತಾ, "ಕುಕ್ರಿ ರಕ್ತ ಕೇಳುತ್ತೆ ಅಂತ ನಾನು ಹೇಳಿರ್ಲಿಲ್ವಾ, ಹೇಳಿರ್ಲಿಲ್ವಾ" ಎನ್ನುತ್ತಿದ್ದರು. ಮೊಮ್ಮಕ್ಕಳನ್ನು ಎತ್ತಿ ಆಡಿಸುವ ಮನುಷ್ಯ. ಹೆಂಗಸರು ಮಹಡಿಯ ಮೇಲಿಂದ ನೋಡುತ್ತಿದ್ದರು. "ಹಾಕ್ರೋ ಇನ್ನೂ ಎರಡು! ಗಡಿಯಾಚೆ ಕೇಳಿಸ್ಲಿ!" ಎಂದು ಒಬ್ಬ ಕೂಗಿದ. ಕೆಲವರು ನಕ್ಕರು. ನಕ್ಕದ್ದೂ ನನಗೆ ನೆನಪಿದೆ.

ಆಮೇಲೆ ನೀವು ದಾರಿ ಬಿಟ್ಟಿರಿ. "ಮುನಿರಾಜಣ್ಣ, ನಿಮ್ಮ ಷೆಡ್ಡಲ್ಲಿ ಆಗಿದ್ದು. ನೀವೂ ಒಂದು ಕೊಡಿ."

ನಾನು ಅರ್ಧ ಇಂಚಿನ ಸರಳು ತೆಗೆದುಕೊಂಡು ಹೋದೆ. ಅಷ್ಟು ಹೊತ್ತೂ ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ. ನನ್ನ ಕಾಲು ಕಂಡು ಕೈ ತೆಗೆದ. ಬಿಡಿಸಲು ಬಂದೆ ಎಂದುಕೊಂಡ. ಹೊಡೆದೆ.

ಅವನ ದವಡೆ ಯಾರು ಮುರಿದರು, ಪಕ್ಕೆಲುಬು ಯಾರು ಮುರಿದರು — ಅದನ್ನು ನೀವು ನಿಮ್ಮನಿಮ್ಮಲ್ಲಿ ಕೇಳಿಕೊಳ್ಳಿ. ಬಲಗಣ್ಣು ನನ್ನದು.

ಅವತ್ತು ಮಧ್ಯಾಹ್ನವೇ ಹುಡುಗರು ಸ್ಕೂಟರುಗಳಲ್ಲಿ ಸುದ್ದಿ ಹಂಚಿದರು. ನನ್ನ ಮಾತನ್ನೇ ಹಂಚಿದರು. ತ್ಯಾಗರಾಜನಗರದ ಕಡೆ ಒಬ್ಬ ಮುದುಕ ಗೂರ್ಖಾನನ್ನು ಅವನ ಗೂಡಿನಿಂದ ಎಳೆದು ಹೊಡೆದರಂತೆ. ಅವನು ನಮ್ಮ ಗೋವಿಂದಪ್ಪನ ಹೆಸರೂ ಕೇಳಿದವನಲ್ಲ. ಆ ವಾರದೊಳಗೆ ನಮ್ಮ ಸುತ್ತಮುತ್ತ ಸೀಟಿ ಊದುವವರು ಯಾರೂ ಉಳಿಯಲಿಲ್ಲ.

ನನ್ನ ಅಂಗೈಯ ಗಾಯಕ್ಕೆ ಹೊಲಿಗೆ ಹಾಕಿದರು. ಕುಕ್ರಿ ಕಿತ್ತುಕೊಳ್ಳಲು ಹೋಗಿ ಆದದ್ದು ಎಂದು ಸ್ಟೇಷನ್ನಿನಲ್ಲಿ ಹೇಳಿಕೆ ಕೊಟ್ಟೆ. ನೀವು ಅದಕ್ಕೇ ರಾಜ್ಯೋತ್ಸವದ ದಿನ ನನಗೆ ಶಾಲು ಹೊದಿಸಿದಿರಿ. ಹೊದ್ದುಕೊಂಡೆ.

ಗುರುತು ಹಿಡಿಯಲು ಪೊಲೀಸರು ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮುಖದ ಅರ್ಧ ಬಟ್ಟೆ ಸುತ್ತಿತ್ತು, ಕಾಲನ್ನು ಮಂಚಕ್ಕೆ ಕಟ್ಟಿದ್ದರು. "ಇವನೇನಾ?" ಎಂದರು. "ಹೌದು ಸಾರ್" ಎಂದೆ. ಹರ್ಕ ಉಳಿದ ಕಣ್ಣಿನಿಂದ ನನ್ನ ಕೈಯ ಬ್ಯಾಂಡೇಜ್ ನೋಡುತ್ತಿದ್ದ. ಮುರಿದ ದವಡೆಯಲ್ಲಿ ಮಾತು ಸರಿಯಾಗಿ ಬರುತ್ತಿರಲಿಲ್ಲ.

"ಮುನಿಯಣ್ಣ... ಕೈಗೆ ಜಾಸ್ತಿ ಆಯ್ತಾ?"

ಪೊಲೀಸಿನವನು ನಕ್ಕ. "ನೋಡಿ, ತಾನೇ ಕುಯ್ದು ತಾನೇ ವಿಚಾರಿಸ್ಕೊಳ್ತಾನೆ." ನಾನು ಕೈಯನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ.

ಅವನು ನಿಜ ಹೇಳಿದನೇ? ಹೇಳಿದ. ಪೊಲೀಸರಿಗೂ ಹೇಳಿದ, ಕೋರ್ಟಿನಲ್ಲೂ ಹೇಳಿದ. ಒಬ್ಬ ಕಾವಲುಗಾರನ ಮಾತು, ಇದಿರಿಗೆ ಒಂದು ರಸ್ತೆಯ ಮಾತು. ಗೋವಿಂದಪ್ಪ ತಾನು ಕಂಡದ್ದನ್ನು ಹೇಳಿದ, ಅವನು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದವನು ನಾನೊಬ್ಬನೇ. ಹರ್ಕನಿಗೆ ಶಿಕ್ಷೆಯಾಯಿತು. ಅವನು ಒಳಗಿರುವಾಗಲೇ ಅಲ್ಲೂ ಇಲ್ಲೂ ಸರ್ಕಾರಗಳು ಬದಲಾದವು, ಗಡಿಯ ದಾರಿಗಳು ತೆರೆದವು. ದೊಡ್ಡವರು ಕೈಕುಲುಕುವ ಫೋಟೋ ಪೇಪರಿನಲ್ಲಿ ಬಂತು. ಟೀ ಅಂಗಡಿಯಲ್ಲಿ ಮೂರ್ತಿಗಳು, "ಏನೇ ಆದ್ರೂ ಅಣ್ಣತಮ್ಮಂದಿರ ಥರ ಅಲ್ವೇನ್ರಿ" ಎಂದರು. ಎರಡು ದೇಶಗಳು ಸರಿಹೋದವು. ಅವುಗಳ ಜಗಳವನ್ನು ನಾನು ಬಳಸಿಕೊಂಡದ್ದು ಮಾತ್ರ ಸರಿಹೋಗಲಿಲ್ಲ. ಅವನು ಬಿಡುಗಡೆಯಾದ ದಿನವೂ ನನಗೆ ತಿಳಿಯದು. ವಿಚಾರಿಸಲಿಲ್ಲ. ಕುಂಟು ಅಪ್ಪನ ಮುಂದೆ ಒಂದು ಕಣ್ಣಿನ ಮಗ ಹೋಗಿ ನಿಂತನೋ, ಅಪ್ಪ ಯಾವ ದೇಶವನ್ನು ಬೈದನೋ — ಅಥವಾ ಊರು ಸೇರಿದನೋ ಇಲ್ಲವೋ.

ನನ್ನ ಹೆಂಡತಿ ಜಯಮ್ಮ ಅವತ್ತು ಮಂಗಳಾರತಿ ತಟ್ಟೆ ಹಿಡಿದು ಬಂದಾಗ ಜನವೆಲ್ಲ ರಸ್ತೆಯಲ್ಲಿದ್ದರು. ಗೋವಿಂದಪ್ಪನನ್ನು ಆಗಲೇ ಆಸ್ಪತ್ರೆಗೆ ಸಾಗಿಸಿದ್ದರು. ಅವಳು ಖಾಲಿ ಷೆಡ್ಡಿನ ಬಾಗಿಲಲ್ಲಿ ಚೆಲ್ಲಿದ ಅಕ್ಕಿ ಮೊಸರು ನೋಡಿದ್ದಳು. ಒಂದೇ ಸಲ ಕೇಳಿದಳು: "ಟೀಕಾ ಹಚ್ಚಿಸ್ಕೊಳ್ಳೋಕೆ ಬಟ್ಲು ಹಿಡ್ಕೊಂಡು ಬಂದೋನು, ಕೊಚ್ಚೋಕೆ ಬಂದಿದ್ನಾ?" ನಾನು ಅವಳ ಕೆನ್ನೆಗೆ ಹೊಡೆದೆ. ಅವಳು ಮತ್ತೆ ಕೇಳಲಿಲ್ಲ. ಕೋರ್ಟು, ಪೊಲೀಸು, ಓದಿದವರು, ಯಾರಿಗೂ ಹೊಳೆಯದ ಪ್ರಶ್ನೆ ಅದು. ಅದಕ್ಕೆ ನಾನು ಕೊಟ್ಟ ಉತ್ತರ ಆ ಏಟು.

ಗೋವಿಂದಪ್ಪ ಆಮೇಲೆ ಬಲಗೈಯನ್ನು ಭುಜದ ಮೇಲೆ ಎತ್ತಲಾಗದೆ ಬಹಳ ವರ್ಷ ಬದುಕಿದ. ನನ್ನ ಮೇಲೆ ಪ್ರೀತಿ ಹೆಚ್ಚಾಯಿತು, ಕೆಲಸ ಇನ್ನೂ ಜಾಸ್ತಿ ಕೊಟ್ಟ. "ನೀನಿಲ್ದಿದ್ರೆ ಅವತ್ತೇ ಹೋಗ್ತಿದ್ದೆ ಕಣೋ" ಎನ್ನುತ್ತಿದ್ದ. ಸಾಯುವ ಮುಂಚೆಯೂ ನನ್ನ ಕೈ ಹಿಡಿದು ಅದನ್ನೇ ಹೇಳಿದ. ಅವನಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಅಪ್ಪನ ಹೆಸರೆತ್ತಿ ಅವಮಾನ ಮಾಡಿದ, ರಕ್ತ ಕುದಿಯಿತು, ಎಂದು ಮನಸ್ಸು ಇವತ್ತಿಗೂ ವಾದ ಹೂಡುತ್ತದೆ. ಆ ವಾದ ಗೋವಿಂದಪ್ಪನ ಬೆನ್ನಿನವರೆಗೆ ಬಂದು ನಿಲ್ಲುತ್ತದೆ. ಹರ್ಕನ ಕಣ್ಣಿನವರೆಗೆ ಬರುವುದಿಲ್ಲ. ಅವನು ನನ್ನನ್ನು ಕೊಲೆಗಾರನಾಗುವುದರಿಂದ ತಪ್ಪಿಸಿದ. ಅದಕ್ಕೆ ನಾನು ಅವನ ಕಣ್ಣು ತೆಗೆದೆ. ಇದರಲ್ಲಿ ವಾದಕ್ಕೆ ಜಾಗವಿಲ್ಲ.

ಮುಂದಿನ ಭಾನುವಾರದ ಸಭೆಗೆ ನಾನು ಬರುತ್ತೇನೆ. ಗೇಟಿನ ಆ ಗಂಡಹೆಂಡತಿಯ ವಿಷಯ ಬಂದಾಗ ಎದ್ದು ನಿಂತು ಇದನ್ನೇ ಬಾಯಲ್ಲಿ ಹೇಳುತ್ತೇನೆ, ಅವರ ಇದಿರಿಗೇ. ಅಲ್ಲಿಂದ ಸ್ಟೇಷನ್ನಿಗೆ ಹೋಗುತ್ತೇನೆ. ಇಷ್ಟು ಹಳೆಯದಕ್ಕೆ ಅವರು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಜಯಮ್ಮನಿಗೆ ನಿನ್ನೆ ಓದಿ ಹೇಳಿದೆ. ಅವಳು ಕೇಳಿ, ಎದ್ದು, ಒಳಗೆ ಹೋದಳು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಮೂರು ಅಂತಸ್ತಿನ ಒಂದು ಮನೆ. ಕೆಳಗೆ ಷೆಡ್ಡು. ನಾಲ್ಕು ವೆಲ್ಡಿಂಗ್ ಮೆಷಿನ್, ಎರಡು ಕಟಿಂಗ್ ಮೆಷಿನ್, ಕೆಲಸಕ್ಕೆ ಆರು ಜನ. ಒಬ್ಬಳು ಹೆಂಡತಿ. ಮದುವೆಯಾದ ಇಬ್ಬರು ಹೆಣ್ಣುಮಕ್ಕಳು, ಮೂರು ಮೊಮ್ಮಕ್ಕಳು. ನೀವು ಹೊದಿಸಿದ ಶಾಲು ಒಂದು. ಎರಡು ಕಣ್ಣು. ಜೀವಮಾನವೆಲ್ಲ ವೆಲ್ಡಿಂಗ್ ಮಾಡಿದವನಿಗೆ ಈ ವಯಸ್ಸಿನಲ್ಲಿ ಎರಡೂ ಇಷ್ಟು ಚೆನ್ನಾಗಿ ಕಾಣುವುದು ಅಪರೂಪ ಎಂದು ಡಾಕ್ಟರು ಹೇಳುತ್ತಾರೆ.